ಹಲವು ಭಾಷೆ ಬಲ್ಲ ಟರ್ಮಿನಲ್ ಸರ್ವರು: ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯವರಿಗೆ ಆಯ್ಕೆಯ ಕ್ರಮ

ಒಕ್ಕಲುತನದಲ್ಲಿ ಬೆಳೆಯುವುದು ಎಷ್ಟು ಮುಖ್ಯವೋ ಅಳೆಯುವುದೂ ಅಷ್ಟೇ ಮುಖ್ಯವಾದುದು. ಬಿದ್ದ ಮಳೆ, ಕಾಲುವೆಯಲ್ಲಿ ಬಂದ ನೀರು, ಪಂಪು ಸೆಳೆದ ವಿದ್ಯುತ್ತು, ಲಾರಿಯಲ್ಲಿ ಹೋದ ಬತ್ತ, ಇವುಗಳ ಲೆಕ್ಕ ತಿಳಿಯದ ಭೂಮಾಲೀಕನು ವರ್ಷಾಂತ್ಯದಲ್ಲಿ ತನಗಾದುದು ಲಾಭವೋ ನಷ್ಟವೋ ಖಚಿತವಾಗಿ ಹೇಳಲಾರನು. ಬಳ್ಳಾರಿ ಸೀಮೆಗೆ ಈ ಮಾತು ವಿಶೇಷವಾಗಿ ಸಲ್ಲುವುದು. ತುಂಗಭದ್ರಾ ಜಲಾಶಯದ ನೀರು ೧೯೫೩ರಿಂದ ಕಾಲುವೆಗಳಿಗೆ ಹರಿಯತೊಡಗಿದ ಮೇಲೆ ಸಿರುಗುಪ್ಪದ ಎರೆಭೂಮಿ ಬತ್ತದ ಗದ್ದೆಯಾಯಿತು. ಕುರುಗೋಡಿನ ಕಡೆ ಹತ್ತಿ ಮೆಣಸಿನಕಾಯಿಗಳು ನೀರು ಕಂಡವು. ಆದರೂ ಕಾಲುವೆಯ ಕೊನೆಯ ಭಾಗಕ್ಕೆ ನೀರು ಮುಟ್ಟೀತೇ ಎಂಬ ಪ್ರಶ್ನೆ ವರ್ಷ ವರ್ಷವೂ ಏಳುತ್ತಲೇ ಇರುವುದು. ೨೦೨೪ನೆಯ ಇಸವಿ ಆಗಸ್ಟ್ ೧೦ರ ರಾತ್ರಿ ಜಲಾಶಯದ ೩೩ ಕ್ರೆಸ್ಟ್ ಗೇಟುಗಳಲ್ಲಿ ೧೯ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ, ನೀರಿನ ಮಟ್ಟವನ್ನು ಗಳಿಗೆ ಗಳಿಗೆಗೂ ತಿಳಿಯುವುದು ನದೀತೀರದ ಗ್ರಾಮಗಳಿಗೆ ಎಷ್ಟು ಅವಶ್ಯಕವೆಂಬುದು ಎಲ್ಲರಿಗೂ ಮನದಟ್ಟಾಯಿತು.

ಅಳತೆಯ ಸಾಧನಗಳಿಗೆ ಈಗ ಕೊರತೆಯಿಲ್ಲ. ಗಿರಣಿಗಳಲ್ಲಿಯೂ ಮಾರುಕಟ್ಟೆಯ ಪ್ರಾಂಗಣಗಳಲ್ಲಿಯೂ ವೇಬ್ರಿಡ್ಜ್‌ಗಳಿವೆ, ಏತ ನೀರಾವರಿಯ ಪಂಪುಗಳಿಗೆ ಮೀಟರುಗಳಿವೆ, ಶೈತ್ಯಾಗಾರಗಳಲ್ಲಿ ಉಷ್ಣಮಾಪಕಗಳಿವೆ. ಕೊರತೆಯಿರುವುದು ಬೇರೊಂದೆಡೆ. ಸಾಧನದ ಮುಖದ ಮೇಲೆ ಮೂಡಿದ ಅಂಕಿಯು ಲೆಕ್ಕದ ಕೋಣೆಗೆ ತಾನಾಗಿ ಬಾರದು. ಗುಮಾಸ್ತನು ನೋಡಿ ಬರೆದುಕೊಂಡು ಬರಬೇಕು. ೧೮,೬೪೦ ಕಿಲೋ ಎಂಬುದನ್ನು ಅವನು ಅವಸರದಲ್ಲಿ ೧೮,೪೬೦ ಎಂದು ಬರೆದರೆ ೧೮೦ ಕಿಲೋ ಬತ್ತ, ಎಂದರೆ ೭೫ ಕಿಲೋ ತೂಕದ ಎರಡು ಚೀಲಗಳೂ ಮೇಲೆ ೩೦ ಕಿಲೋವೂ, ಯಾರ ಕೈಗೂ ಸಿಕ್ಕದೆ ಮಾಯವಾಗುವುದು. ಸುಗ್ಗಿಯಲ್ಲಿ ದಿನಕ್ಕೆ ಹತ್ತಾರು ಲಾರಿಗಳು ತೂಗುವ ಕಡೆ ಇಂತಹ ತಪ್ಪುಗಳು ನಷ್ಟವನ್ನು ಮಾತ್ರವಲ್ಲದೆ ಮನಸ್ತಾಪವನ್ನೂ ತರುವುವು.

ಸಾಧನಗಳ ಅಂಕಿಗಳನ್ನು ಒಂದೆಡೆಗೆ ತಂದು ಜಾಲಕ್ಕೆ ಒಪ್ಪಿಸುವ ಉಪಕರಣಕ್ಕೆ ಟರ್ಮಿನಲ್ ಸರ್ವರು ಎಂದು ಹೆಸರು. ಪ್ರಕೃತ ಲೇಖನದಲ್ಲಿ ಅದರ ಕೆಲಸವನ್ನೂ ಅದನ್ನು ಕೊಳ್ಳುವವರು ಗಮನಿಸತಕ್ಕ ಅಂಶಗಳನ್ನೂ ವಿವರಿಸಲಾಗಿದೆ.

ಉಪಕರಣದ ಸ್ವರೂಪ

ಇದು ಸಾಮಾನ್ಯವಾಗಿ ಅಂಗೈಯಗಲದ ಒಂದು ಪೆಟ್ಟಿಗೆ. ಒಂದು ಕಡೆ ಸೀರಿಯಲ್ ಪೋರ್ಟ್ ಎಂಬ ಕಿಂಡಿಗಳು ಒಂದೋ ಎರಡೋ ನಾಲ್ಕೋ ಎಂಟೋ ಇರುವುವು. ಅಳತೆಯ ಸಾಧನಗಳ ತಂತಿಗಳು ಇಲ್ಲಿಗೆ ಬಂದು ಸೇರುವುವು. ಇನ್ನೊಂದು ಕಡೆ ಈಥರ್ನೆಟ್ ಕಿಂಡಿಯಿದ್ದು, ಅಲ್ಲಿಂದ ಕಚೇರಿಯ ಕಂಪ್ಯೂಟರಿಗಾಗಲಿ ಅಂತರ್ಜಾಲಕ್ಕಾಗಲಿ ಸಂಪರ್ಕ ಏರ್ಪಡುವುದು.

ತಂತಿ ಜೋಡಿಸಿದ ಮಾತ್ರಕ್ಕೆ ಸಾಧನಗಳು ಮಾತನಾಡಲಾರವು. ಯಾರು ಮೊದಲು ಕೇಳಬೇಕು, ಯಾರು ಉತ್ತರಿಸಬೇಕು, ಅಂಕಿಯ ಆದಿ ಅಂತ್ಯಗಳು ಯಾವುವು ಎಂಬ ಕಟ್ಟಳೆ ಇರಬೇಕು. ಈ ಕಟ್ಟಳೆಗೆ ಪ್ರೋಟೋಕಾಲು ಎಂದು ಹೆಸರು. ಅದನ್ನು ಸಾಧನದ ಭಾಷೆ ಎಂದರೂ ಸಲ್ಲುವುದು. ಬಳ್ಳಾರಿಯ ಮಾರುಕಟ್ಟೆಗೆ ಕನ್ನಡ, ತೆಲುಗು, ಉರ್ದು ಆಡುವ ಮಂದಿ ಒಟ್ಟಾಗಿ ಬರುವರು. ಒಂದೇ ಭಾಷೆ ಬಲ್ಲ ದಲಾಲಿಯು ಅರ್ಧ ವ್ಯಾಪಾರವನ್ನು ಕಳೆದುಕೊಳ್ಳುವನು. ಮೂರನ್ನೂ ಬಲ್ಲವನ ಅಂಗಡಿಗೆ ಎಲ್ಲರೂ ಬರುವರು. ಟರ್ಮಿನಲ್ ಸರ್ವರಿನ ಸಂಗತಿಯೂ ಹೀಗೆಯೇ.

ಒಂದೇ ಭಾಷೆಯನ್ನು ನೆಚ್ಚಿದವರ ಅನುಭವ

ಈ ಉಪಕರಣಗಳು ೧೯೮೦ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಾಗ, ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿಯು ತನ್ನವುಗಳಿಗೆ ಲ್ಯಾಟ್ ಎಂಬ ತನ್ನದೇ ಭಾಷೆಯನ್ನು ಕಲಿಸಿತ್ತು. ಒಂದು ಕಟ್ಟಡದೊಳಗಿನ ಜಾಲದಲ್ಲಿ ಅದು ಚುರುಕಾಗಿ ನಡೆಯುತ್ತಿತ್ತು. ಆದರೆ ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ದಾಟುವ ಶಕ್ತಿ ಅದಕ್ಕಿರಲಿಲ್ಲ. ಇತ್ತ ೧೯೮೩ನೆಯ ಇಸವಿ ಜನವರಿ ೧ರಂದು ಆರ್ಪಾನೆಟ್ ಎಂಬ ಮಹಾಜಾಲವು ಟಿಸಿಪಿ/ಐಪಿ ಎಂಬ ಭಾಷೆಯನ್ನು ಅಂಗೀಕರಿಸಿತು. ಕಾಲಕ್ರಮದಲ್ಲಿ ಅದೇ ಲೋಕವ್ಯಾಪಿಯಾಯಿತು. ಲ್ಯಾಟ್ ಒಂದನ್ನೇ ಬಲ್ಲ ಪೆಟ್ಟಿಗೆಗಳನ್ನು ಕೊಂಡಿದ್ದವರು ಬೇರೆ ಕಂಪನಿಗಳ ಯಂತ್ರಗಳೊಡನೆ ವ್ಯವಹರಿಸಲಾರದೆ ಹೋದರು. ಎರಡು ಭಾಷೆಗಳನ್ನೂ ಬಲ್ಲ ಸರ್ವರುಗಳು ಹುಟ್ಟಿದುದು ಈ ತೊಂದರೆಯಿಂದಲೇ. ಯಂತ್ರ ಕೆಡುವುದಕ್ಕೆ ಮುಂಚೆಯೇ ಅದರ ಭಾಷೆ ಹಳತಾಗಬಹುದೆಂಬುದನ್ನು ಇದರಿಂದ ತಿಳಿಯಬಹುದು.

ಈ ಸೀಮೆಯ ಸಾಧನಗಳ ಭಾಷೆಗಳು

ವೇಬ್ರಿಡ್ಜ್‌ನ ಸೂಚಕವು ಸಾಮಾನ್ಯವಾಗಿ ಆರ್‌ಎಸ್-೨೩೨ ಎಂಬ ತಂತಿಯ ಮೂಲಕ ತೂಕವನ್ನು ಸರಳ ಅಕ್ಷರಗಳಲ್ಲಿ ಒಂದೇ ಸಮನೆ ಕಳುಹಿಸುತ್ತಿರುವುದು. ಈ ತಂತಿ ೧೫ ಮೀಟರು ಉದ್ದದವರೆಗೆ ಮಾತ್ರ ನಂಬತಕ್ಕುದು.

ಪಂಪಿನ ವಿದ್ಯುತ್ ಮೀಟರು, ನೀರಿನ ಮಟ್ಟದ ಮಾಪಕ ಮೊದಲಾದುವು ಬಹುಮಟ್ಟಿಗೆ ಆರ್‌ಎಸ್-೪೮೫ ತಂತಿಯಲ್ಲಿ ಮಾಡ್‌ಬಸ್ ಎಂಬ ಭಾಷೆಯನ್ನಾಡುವುವು. ಮಾಡ್‌ಬಸ್ ಹುಟ್ಟಿದುದು ೧೯೭೯ರಲ್ಲಿ. ಇಂದಿಗೂ ಕಾರ್ಖಾನೆಗಳಲ್ಲಿ ಅದರ ಬಳಕೆ ತಗ್ಗಿಲ್ಲ. ಆರ್‌ಎಸ್-೪೮೫ ತಂತಿಯನ್ನು ಸುಮಾರು ೧,೨೦೦ ಮೀಟರಿನವರೆಗೆ ಎಳೆಯಬಹುದು. ಒಂದೇ ತಂತಿಯ ಮೇಲೆ ೩೨ ಸಾಧನಗಳನ್ನು ಸಾಲಾಗಿ ಕೂಡಿಸಬಹುದು. ಪ್ರತಿಯೊಂದಕ್ಕೂ ಬೇರೆ ಬೇರೆ ಸಂಖ್ಯೆ ಕೊಡಬೇಕು. ಎಲ್ಲವೂ ಒಂದೇ ವೇಗದಲ್ಲಿ ಮಾತನಾಡುವಂತೆ ಹೊಂದಿಸಬೇಕು. ವಿದ್ಯುತ್ ಸರಬರಾಜು ಕಂಪನಿಗಳ ಮೀಟರುಗಳಲ್ಲಿ ಡಿಎಲ್‌ಎಮ್‌ಎಸ್ ಎಂಬ ಬೇರೊಂದು ಭಾಷೆಯುಂಟು. ಕಂಪನಿಯ ಮೀಟರಿಗೆ ರೈತರು ಕೈಯಿಕ್ಕಕೂಡದು. ಬೇಕಾದಲ್ಲಿ ತಮ್ಮ ಕಡೆಯ ತಂತಿಗೆ ಸ್ವಂತದ ಮೀಟರೊಂದನ್ನು ಹಾಕಿಸಿಕೊಳ್ಳತಕ್ಕದ್ದು.

ಮಣ್ಣಿನ ತೇವದ ಮಾಪಕಗಳಲ್ಲಿ ಕೆಲವು ಎಸ್‌ಡಿಐ-೧೨ ಎಂಬ ಭಾಷೆಯವು. ಮಳೆಮಾಪಕಗಳಲ್ಲಿ ಕೆಲವು ಭಾಷೆಯೇ ಇಲ್ಲದೆ ಬಟ್ಟಲು ಮಗುಚಿದಾಗೊಮ್ಮೆ ಒಂದು ಸಂಜ್ಞೆ ಮಾತ್ರ ಕೊಡುವುವು. ಈ ಎರಡು ಬಗೆಯವನ್ನೂ ಸಾಮಾನ್ಯ ಟರ್ಮಿನಲ್ ಸರ್ವರು ಅರಿಯದು. ನಡುವೆ ಪರಿವರ್ತಕವನ್ನು ಇರಿಸಬೇಕಾಗುವುದು. ಮಳೆಯ ಲೆಕ್ಕ ಮಾತ್ರ ಬೇಕಾದವರಿಗೆ ಈ ವೆಚ್ಚವೇ ಬೇಡ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ದೂರಮಾಪನದ ಮಳೆಮಾಪಕಗಳನ್ನು ನೆಟ್ಟು, ೧೫ ನಿಮಿಷಕ್ಕೊಮ್ಮೆ ಅಂಕಿಗಳನ್ನು ಸಂಗ್ರಹಿಸುವ ಏರ್ಪಾಡು ಮಾಡಿದೆ. ವರುಣಮಿತ್ರ ಎಂಬ ಅದರ ದೂರವಾಣಿ ಸೇವೆಯಿಂದ ರೈತರು ವಿಷಯ ತಿಳಿಯಬಹುದು.

ಕೊಳ್ಳುವಾಗ ಗಮನಿಸತಕ್ಕ ಅಂಶಗಳು

೧. ಮೊದಲು ಪಟ್ಟಿ, ಆಮೇಲೆ ಪೇಟೆ. ಇರುವ ಸಾಧನಗಳ ಹೆಸರು, ತಂತಿಯ ಬಗೆ, ಭಾಷೆ, ವೇಗ, ಕಚೇರಿಯಿಂದ ದೂರ, ಇವನ್ನು ಒಂದು ಕಾಗದದ ಮೇಲೆ ಬರೆಯತಕ್ಕದ್ದು. ಮುಂದಿನ ಐದು ವರ್ಷಗಳಲ್ಲಿ ಕೊಳ್ಳಬಹುದಾದುವನ್ನೂ ಸೇರಿಸಬೇಕು. ಈ ಪಟ್ಟಿಯಿಲ್ಲದೆ ಅಂಗಡಿಗೆ ಹೋದವನಿಗೆ ಅಂಗಡಿಯವನಲ್ಲಿರುವುದೇ ಸಿಕ್ಕುವುದು.

೨. ಸಾಗಿಸುವುದು ಬೇರೆ, ಭಾಷಾಂತರಿಸುವುದು ಬೇರೆ. ಅತ್ಯಂತ ಹೆಚ್ಚಿನ ಮೋಸವಾಗುವುದು ಇಲ್ಲಿಯೇ. ‘ಮಾಡ್‌ಬಸ್ ನಡೆಯುವುದು’ ಎಂದು ವ್ಯಾಪಾರಿಯು ಹೇಳಿದರೆ ಅದಕ್ಕೆ ಎರಡು ಅರ್ಥಗಳುಂಟು. ಮುಚ್ಚಿದ ಲಕೋಟೆಯನ್ನು ಓದದೆ ಮುಟ್ಟಿಸುವ ಅಂಚೆಯವನಂತೆ, ಕೆಲವು ಸರ್ವರುಗಳು ಬಂದ ಅಕ್ಷರಗಳನ್ನು ಹಾಗೆಯೇ ದಾಟಿಸುವುವು. ಮತ್ತೆ ಕೆಲವು ಸೀರಿಯಲ್ ತಂತಿಯ ಮಾಡ್‌ಬಸ್ಸನ್ನು ತಿಳಿದುಕೊಂಡು ಜಾಲದ ಮಾಡ್‌ಬಸ್ಸಿಗೆ ಭಾಷಾಂತರಿಸುವುವು. ವೇಬ್ರಿಡ್ಜ್‌ಗೆ ಮೊದಲನೆಯ ಬಗೆ ಸಾಕು. ಅನೇಕ ಮೀಟರುಗಳಿರುವ ಪಂಪಿನ ಮನೆಗೆ ಎರಡನೆಯದು ಬೇಕು. ಏಕೆಂದರೆ ಸೀರಿಯಲ್ ತಂತಿಯ ಮಾಡ್‌ಬಸ್ಸಿನಲ್ಲಿ ಪ್ರಶ್ನೆ ಕೇಳುವ ಯಜಮಾನನು ಒಬ್ಬನೇ ಇರತಕ್ಕದ್ದು. ಕಚೇರಿಯ ಕಂಪ್ಯೂಟರೂ ಅಧ್ಯಕ್ಷರ ಮೊಬೈಲೂ ಏಕಕಾಲದಲ್ಲಿ ಕೇಳಿದರೆ, ಪ್ರಶ್ನೆಗಳನ್ನು ಸಾಲಿನಲ್ಲಿ ನಿಲ್ಲಿಸಿ ಒಂದೊಂದಾಗಿ ಉತ್ತರ ತರುವ ಜಾಣ್ಮೆ ಸರ್ವರಿಗಿರಬೇಕು.

೩. ಒಂದೊಂದು ಕಿಂಡಿಗೂ ಒಂದೊಂದು ಭಾಷೆ. ಪ್ರತಿ ಕಿಂಡಿಯನ್ನೂ ಆರ್‌ಎಸ್-೨೩೨ಕ್ಕಾಗಲಿ ಆರ್‌ಎಸ್-೪೮೫ಕ್ಕಾಗಲಿ ಪ್ರತ್ಯೇಕವಾಗಿ ಹೊಂದಿಸುವಂತಿರಬೇಕು. ಒಂದು ಕಿಂಡಿಯ ಭಾಷೆ ಬದಲಿಸಿದರೆ ಎಲ್ಲವೂ ಬದಲಾಗುವಂತಹ ಪೆಟ್ಟಿಗೆಯನ್ನು ಬಿಡುವುದು ಲೇಸು.

೪. ಮೇಲುಗಡೆಯ ಭಾಷೆ. ಅಂಕಿಗಳನ್ನು ದೂರದ ಸರ್ವರಿಗೆ ಕಳುಹಿಸಲು ಎಮ್‌ಕ್ಯೂಟಿಟಿ ಎಂಬ ಭಾಷೆ ಉತ್ತಮವಾದುದು. ೧೯೯೯ರಲ್ಲಿ ತೈಲದ ಕೊಳವೆಗಳ ಉಸ್ತುವಾರಿಗಾಗಿ ರಚಿತವಾದ ಇದು, ದುರ್ಬಲವಾದ ಸಂಪರ್ಕದಲ್ಲಿಯೂ ಕಡಿಮೆ ಮಾತಿನಲ್ಲಿ ಕೆಲಸ ಮುಗಿಸುವುದು. ಹಳ್ಳಿಗಳಲ್ಲಿ ಸಂಪರ್ಕ ಆಗಾಗ್ಗೆ ಕಡಿಯುವುದರಿಂದ, ಕಡಿದ ಹೊತ್ತಿನ ಅಂಕಿಗಳನ್ನು ಕೂಡಿಟ್ಟು ಮತ್ತೆ ಕಳುಹಿಸುವ ಸೌಕರ್ಯವೂ ಇದೆಯೇ ಎಂದು ಕೇಳಬೇಕು.

೫. ಬೀಗ ಮತ್ತು ಕೀಲಿಕೈ. ಟೆಲ್ನೆಟ್ ಎಂಬ ಹಳೆಯ ಭಾಷೆಯಲ್ಲಿ ಗುಪ್ತಪದವು ಬಯಲಾಗಿಯೇ ಸಾಗುವುದು; ಮಾಡ್‌ಬಸ್ಸಿನಲ್ಲಿ ಗುಪ್ತಪದವೇ ಇಲ್ಲ. ಆದುದರಿಂದ ಪೆಟ್ಟಿಗೆಯನ್ನು ನಿರ್ವಹಿಸಲು ಎಸ್‌ಎಸ್‌ಎಚ್, ಅಂಕಿಗಳನ್ನು ಕಳುಹಿಸಲು ಟಿಎಲ್‌ಎಸ್, ಈ ಎರಡು ರಕ್ಷಣೆಗಳಿರುವುದನ್ನೇ ಆರಿಸಬೇಕು. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ಉಪಕರಣವನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡಕೂಡದು. ತೂಕದ ಅಂಕಿಯನ್ನು ನಡುವೆ ತಿದ್ದುವ ದಾರಿ ಒಮ್ಮೆ ತೆರೆದರೆ, ಗುಮಾಸ್ತನ ಕೈತಪ್ಪಿಗಿಂತಲೂ ದೊಡ್ಡ ಅನರ್ಥವಾದೀತು.

೬. ಬಿಸಿಲು, ಧೂಳು, ಸಿಡಿಲು. ಬಳ್ಳಾರಿಯ ಬೇಸಗೆಯಲ್ಲಿ ನೆರಳಿನಲ್ಲಿಯೇ ಉಷ್ಣತೆ ೪೦ ಡಿಗ್ರಿಯನ್ನು ಮೀರುವುದು. ತಗಡಿನ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಕಚೇರಿಗಳಿಗಾಗಿ ಮಾಡಿದ ಸರ್ವರು ಅಲ್ಲಿ ಬಹುಕಾಲ ಬಾಳದು. ೭೦ ಡಿಗ್ರಿಯವರೆಗಾದರೂ ತಡೆಯುವ, ಫ್ಯಾನಿಲ್ಲದ, ಕೈಗಾರಿಕೆಯ ದರ್ಜೆಯದನ್ನು ಕೊಳ್ಳಬೇಕು. ಹೊಲದಲ್ಲಿ ಹಾಯುವ ಉದ್ದ ತಂತಿ ಸಿಡಿಲನ್ನು ಬರಮಾಡಿಕೊಳ್ಳುವುದರಿಂದ, ಕಿಂಡಿಗಳು ವಿದ್ಯುತ್ತಿನಿಂದ ಪ್ರತ್ಯೇಕಿಸಲ್ಪಟ್ಟಿರಬೇಕು; ಸಿಡಿಲುತಡೆಯನ್ನೂ ಒಳ್ಳೆಯ ಅರ್ಥಿಂಗನ್ನೂ ಮಾಡಿಸಬೇಕು.

೭. ಮೋಡೆಮ್ ಬೇರೆಯಾಗಿದ್ದರೆ ಒಳ್ಳೆಯದು. ಮೊಬೈಲಿನ ತಲೆಮಾರುಗಳು ಬೇಗ ಬೇಗ ಬದಲಾಗುವುವು. ಮೋಡೆಮನ್ನು ಪ್ರತ್ಯೇಕವಾಗಿ ಇರಿಸಿಕೊಂಡವರು ಅದನ್ನು ಮಾತ್ರ ಬದಲಿಸಿದರೆ ಸಾಕು, ಸರ್ವರನ್ನು ಎಸೆಯಬೇಕಾಗಿಲ್ಲ.

ಒಂದು ಉದಾಹರಣೆ

ಸಿರುಗುಪ್ಪದ ಬಳಿಯ ಒಂದು ಸಹಕಾರ ಸಂಘಕ್ಕೆ ವೇಬ್ರಿಡ್ಜ್ ಒಂದು, ನದೀತೀರದಲ್ಲಿ ಪಂಪುಗಳು ಮೂರು, ನೀರಿನ ಮಟ್ಟದ ಮಾಪಕ ಒಂದು ಇವೆಯೆಂದೂ, ಕಚೇರಿಯಿಂದ ವೇಬ್ರಿಡ್ಜ್ ೪೦ ಮೀಟರು, ಪಂಪಿನ ಮನೆ ೯೦೦ ಮೀಟರು ದೂರವೆಂದೂ ಭಾವಿಸೋಣ. ವೇಬ್ರಿಡ್ಜ್‌ನ ತಂತಿ ೪೦ ಮೀಟರು ನಡೆಯಲಾರದು. ಆದುದರಿಂದ ಸರ್ವರನ್ನು ತೂಕದ ಕೋಣೆಯಲ್ಲಿಯೇ ಇರಿಸಿ, ಅಲ್ಲಿಂದ ಕಚೇರಿಗೆ ೧೦೦ ಮೀಟರಿನವರೆಗೆ ಸಾಗಬಲ್ಲ ಈಥರ್ನೆಟ್ ತಂತಿಯನ್ನು ಎಳೆಯಬೇಕು. ಪಂಪಿನ ಮನೆಯ ಮೂರು ಮೀಟರುಗಳೂ ಮಟ್ಟದ ಮಾಪಕವೂ ಮಾಡ್‌ಬಸ್ ಆಡುವುವಾದರೆ, ೧, ೨, ೩, ೪ ಎಂದು ಸಂಖ್ಯೆ ಕೊಟ್ಟು ಒಂದೇ ಆರ್‌ಎಸ್-೪೮೫ ತಂತಿಯಲ್ಲಿ ತೂಕದ ಕೋಣೆಗೆ ತರಬಹುದು. ಹೀಗೆ ಐದು ಸಾಧನಗಳಿಗೆ ಎರಡೇ ಕಿಂಡಿಗಳು ಸಾಕು. ಮುಂದಿನ ಅನುಕೂಲಕ್ಕೆ ನಾಲ್ಕು ಕಿಂಡಿಗಳದನ್ನು ಕೊಳ್ಳಬಹುದು. ಎಂಟು ಕಿಂಡಿಗಳದನ್ನು ಕೊಳ್ಳುವುದು ವೃಥಾ ವೆಚ್ಚ.

ಕುರುಗೋಡಿನ ಮೆಣಸಿನಕಾಯಿಯ ಬೆಳೆಗಾರರು ಕೂಡಿ ಶೈತ್ಯಾಗಾರದ ಉಷ್ಣತೆಯನ್ನು ಗಮನಿಸಬೇಕಾದಲ್ಲಿಯೂ ಇದೇ ಕ್ರಮ. ಬಳ್ಳಾರಿ ನಗರದಲ್ಲಿ ಒಂದೇ ವೇಬ್ರಿಡ್ಜ್ ಇದ್ದು, ಕಂಪ್ಯೂಟರು ಅದರ ಪಕ್ಕದಲ್ಲಿಯೇ ಇರುವ ಹತ್ತಿಯ ವರ್ತಕನಿಗಾದರೋ ಈ ಉಪಕರಣವೇ ಬೇಡ. ಸೀರಿಯಲ್ಲಿನಿಂದ ಯುಎಸ್‌ಬಿಗೆ ಬದಲಿಸುವ ಅಲ್ಪ ಬೆಲೆಯ ತಂತಿಯೊಂದರಿಂದಲೇ ಅವನ ಕೆಲಸ ನಡೆಯುವುದು.

ವೇಬ್ರಿಡ್ಜ್‌ಗೆ ತಂತಿ ಜೋಡಿಸುವಾಗ ಒಂದು ಎಚ್ಚರಿಕೆ ಅವಶ್ಯ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯನ್ನು ಒಡೆಯದೆ, ಸೂಚಕದ ಹೊರಗಿನ ಕಿಂಡಿಗೆ ಮಾತ್ರ ತಂತಿಯನ್ನು ಸೇರಿಸತಕ್ಕದ್ದು.

ಹಣ ಕೊಡುವುದಕ್ಕೆ ಮುಂಚೆ

ಕರಪತ್ರವನ್ನು ನೋಡಿ ಯಾರೂ ಹಣ ಕೊಡಬಾರದು. ವ್ಯಾಪಾರಿಯು ಉಪಕರಣವನ್ನು ಊರಿಗೆ ತಂದು, ಸಂಘದ ವೇಬ್ರಿಡ್ಜ್ ಮತ್ತು ಮೀಟರುಗಳಿಗೆ ಜೋಡಿಸಿ, ಒಂದು ವಾರ ನಡೆಯಿಸಿ ತೋರಿಸಲಿ. ಆ ವಾರದಲ್ಲಿ ಒಮ್ಮೆ ವಿದ್ಯುತ್ತನ್ನೂ ಒಮ್ಮೆ ಅಂತರ್ಜಾಲವನ್ನೂ ಬೇಕೆಂದೇ ನಿಲ್ಲಿಸಿ, ಎರಡೂ ಮರಳಿದಾಗ ಅಂಕಿಗಳು ತಾವಾಗಿ ಬರುವುವೇ ಎಂದು ಪರೀಕ್ಷಿಸಬೇಕು. ಪರದೆಯ ತೂಕವನ್ನು ಸೂಚಕದ ತೂಕದೊಡನೆ ಕೆಲವು ಲಾರಿಗಳಿಗಾದರೂ ಹೋಲಿಸಬೇಕು. ಹೊಂದಾಣಿಕೆಯ ವಿವರಗಳನ್ನೂ ಗುಪ್ತಪದವನ್ನೂ ಬರೆಯಿಸಿಕೊಂಡು ಸಂಘದ ಕಪಾಟಿನಲ್ಲಿ ಇರಿಸಬೇಕು. ಅವು ವ್ಯಾಪಾರಿಯ ಬಳಿಯೇ ಉಳಿದರೆ, ಉಪಕರಣ ಸಂಘದ್ದಾದರೂ ಅಧಿಕಾರ ಅವನದಾಗುವುದು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯುಂಟು. ಹಲವು ಮಾತುಗಳನ್ನು ಬಲ್ಲ ಉಪಕರಣವನ್ನು ವಿವೇಚನೆಯಿಂದ ಆರಿಸಿಕೊಂಡ ಗ್ರಾಮದಲ್ಲಿ ತೂಕದ ಜಗಳವೂ ನೀರಿನ ಜಗಳವೂ ಒಂದೇ ದಿನದಲ್ಲಿ ಇಲ್ಲವಾಗುವುವೆಂದಲ್ಲ. ಆದರೆ ಜಗಳ ಬಂದಾಗ ಮುಂದಿಡಲು ಎಲ್ಲರೂ ಒಪ್ಪತಕ್ಕ ಅಂಕಿಯೊಂದು ಇರುವುದು. ಗ್ರಾಮದ ಮುಖಂಡರು ತಮ್ಮ ಸಂಘದ ಮುಂದಿನ ಸಭೆಯಲ್ಲಿ ಮೇಲೆ ಹೇಳಿದ ಪಟ್ಟಿಯನ್ನು ಬರೆಯಿಸುವುದರಿಂದಲೇ ಈ ಕಾರ್ಯವನ್ನು ಆರಂಭಿಸಬಹುದು. ಅದಕ್ಕೆ ತಗಲುವ ವೆಚ್ಚ ಒಂದು ಹಾಳೆ ಕಾಗದ ಮಾತ್ರ.