ರೈನ್ ನದಿ ಕೆಂಪಾದ ಊರಿನಲ್ಲಿ

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬೇಸಿಗೆಯ ಸಂಜೆ ಸೇತುವೆ ಮೇಲೆ ನಿಂತರೆ ರೈನ್ ನದಿಯಲ್ಲಿ ಜನ ತೇಲಿಹೋಗುವುದು ಕಾಣುತ್ತದೆ. ಕೆಲಸ ಮುಗಿಸಿದವರು ಬಟ್ಟೆಬರೆಯನ್ನು ಮೀನಿನಾಕಾರದ ಚೀಲಕ್ಕೆ ತುರುಕಿ, ನೀರು ನುಗ್ಗದಂತೆ ಅದರ ಬಾಯಿ ಸುತ್ತಿ, ಚೀಲವನ್ನೇ ತಬ್ಬಿಕೊಂಡು ಹೊಳೆಗಿಳಿಯುತ್ತಾರೆ. 1986ರ ನವೆಂಬರ್ 1ರಂದು ಈ ಹೊಳೆ ಕೆಂಪಗೆ ಹರಿದಿತ್ತು.

ಆ ಕೆಂಪು ಹೊರಟ ಜಾಗ ನೋಡಲು ಪ್ರವಾಹಕ್ಕೆದುರಾಗಿ ನಡೆಯಬೇಕು. ಬಿರ್ಸ್‌ಫೆಲ್ಡೆನ್ ಅಣೆಕಟ್ಟಿನಾಚೆ ಶ್ವೈತ್ಸರ್‌ಹಾಲೆ. ಉಪ್ಪಿನ ಉದ್ಯಮದಿಂದ ಹುಟ್ಟಿದ ಊರು, ಆಮೇಲೆ ರಾಸಾಯನಿಕ ಕಾರ್ಖಾನೆಗಳ ನೆಲೆ. ಇಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿನಲ್ಲಿ ಸುಮಾರು 1,350 ಟನ್ ಸರಕಿತ್ತು: ಕೀಟನಾಶಕ, ಪಾದರಸದ ಶಿಲೀಂಧ್ರನಾಶಕ, ಬಣ್ಣ. ನಡುರಾತ್ರಿ ಕಳೆಯುತ್ತಲೇ ಬೆಂಕಿ ಹೊತ್ತಿತು. ಸೈರನ್ ಮೊಳಗಿತು, ಕೊಳೆತ ಮೊಟ್ಟೆಯಂಥ ನಾತಕ್ಕೆ ಊರು ಕಿಟಕಿ ಮುಚ್ಚಿ ಕೂತಿತು. ಬೆಳಗಾಗುವಷ್ಟರಲ್ಲಿ ಬೆಂಕಿ ಆರಿತು. ಆದರೆ ಅದನ್ನು ಆರಿಸಿದ ಕೋಟಿ ಲೀಟರಿಗೂ ಮಿಕ್ಕಿದ ನೀರು ಗೋದಾಮಿನ ವಿಷವನ್ನೂ ಬಣ್ಣವನ್ನೂ ತೊಳೆದುಕೊಂಡು ನದಿಗಿಳಿಯಿತು. ಕೆಳಗೆ 400 ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತವು, ಸುಮಾರು ಒಂದೂವರೆ ಲಕ್ಷ. ನೆದರ್ಲೆಂಡ್ಸ್‌ವರೆಗೂ ಕುಡಿಯುವ ನೀರಿನ ಘಟಕಗಳು ನದಿಯಿಂದ ನೀರೆತ್ತುವುದನ್ನು ನಿಲ್ಲಿಸಬೇಕಾಯಿತು.

ಎಣ್ಣೆ ಚೆಲ್ಲಿದರೆ ತೇಲುವ ತಡೆ ಕಟ್ಟಿ ಬಾಚಬಹುದು. ನೀರಲ್ಲಿ ಕರಗಿದ ವಿಷವನ್ನು ಹರಿಯುವ ನದಿಯಿಂದ ಯಾರೂ ಹೆಕ್ಕಿ ತೆಗೆಯಲಾರರು. ನದಿ ಮುಟ್ಟುವ ಮೊದಲೇ ತಡೆಯಬೇಕು, ತಪ್ಪಿದರೆ ಕೆಳಗಿನವರಿಗೆ ಆ ಕ್ಷಣವೇ ತಿಳಿಸಬೇಕು. ದುರಂತದ ನಂತರ ಇಲ್ಲಿನ ಕಾರ್ಖಾನೆಗಳು ಬೆಂಕಿ ಆರಿಸಿದ ನೀರನ್ನು ಹಿಡಿದಿಡಲೆಂದೇ ದೊಡ್ಡ ತೊಟ್ಟಿಗಳನ್ನು ಕಟ್ಟಿದವು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಈ ತೊಟ್ಟಿಗಳೇ.

ಎರಡನೆಯ ಕೆಲಸ, ಅಂದರೆ ಕೆಳಗಿನವರಿಗೆ ತಿಳಿಸುವುದು, ನಡೆಯುವುದು ನಗರ ದಾಟಿ, ಜರ್ಮನಿಯ ಗಡಿಯೊಳಗೆ, ವೈಲ್ ಆಮ್ ರೈನ್‌ನಲ್ಲಿ. 1993ರಿಂದ ಇಲ್ಲಿರುವ ನಿಗಾ ಕೇಂದ್ರ ನದಿಯ ಅಗಲದುದ್ದಕ್ಕೂ ಐದು ಕಡೆಯಿಂದ ನೀರೆಳೆಯುತ್ತದೆ. ಒಂದು ದಂಡೆಯಲ್ಲಿ ಬಿಟ್ಟ ಕೊಳೆ ಬಹುದೂರ ಆ ದಂಡೆಗೇ ಅಂಟಿಕೊಂಡು ಸಾಗುತ್ತದೆ. ಒಂದೇ ಕೊಳವೆಯಾದರೆ ಅದು ತಪ್ಪಿಸಿಕೊಂಡೀತು. ಅನುಮಾನದ ವಸ್ತು ಕಂಡರೆ ಕೆಳಗಿನ ದೇಶಗಳಿಗೆ ಎಚ್ಚರಿಕೆ ಹೋಗುತ್ತದೆ. ವಿಷ ಯಾವ ಊರನ್ನು ಯಾವಾಗ ಮುಟ್ಟುತ್ತದೆಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯೂ ಇದೆ. ವಿಷ ಬರುವ ಮೊದಲೇ ನೀರಿನ ಘಟಕಗಳು ಬಾಗಿಲು ಮುಚ್ಚಬಹುದು.

2000ದೊಳಗೆ ಸಾಲ್ಮನ್ ಮೀನು ರೈನ್‌ಗೆ ಮರಳಬೇಕೆಂದು ದಂಡೆಯ ದೇಶಗಳು ದುರಂತದ ಮರುವರ್ಷ, 1987ರಲ್ಲಿ, ಗುರಿ ಇಟ್ಟವು. ಅದು ಮರಳಿದೆ, ಬಾಸೆಲ್‌ವರೆಗೆ ಬರಲು ಮಾತ್ರ ಅಣೆಕಟ್ಟುಗಳು ಇನ್ನೂ ಅಡ್ಡ.

ಪೀಣ್ಯ, ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಗಳ ಬಳಿ ಇರುವ ಓದುಗರಲ್ಲಿ ಒಂದು ಬಿನ್ನಹ: ನಿಮ್ಮ ಪಕ್ಕದ ಗೋದಾಮಿಗೆ ಬೆಂಕಿ ಬಿದ್ದರೆ, ಅದನ್ನು ಆರಿಸಿದ ನೀರು ಎಲ್ಲಿಗೆ ಹೋಗುತ್ತದೆಂದು ಇವತ್ತೇ ಕೇಳಿ.