ಊರಿನ ಹಳೆಯ ಮನೆ: ಕೆಡಹುವ ಮೊದಲು, ಕೊಳ್ಳುವ ಮೊದಲು

ಮುಂಬಯಿಯಲ್ಲಿ ನೆಲೆಸಿದ ನಮ್ಮವರಲ್ಲಿ ಊರಿನ ಮನೆಯನ್ನು ನೆನೆಯದವರು ವಿರಳ. ಫೋರ್ಟಿನ ಕಛೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರಿರಲಿ, ಮಾಟುಂಗದ ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಂತವರಿರಲಿ, ರಜೆಯ ಮಾತು ಬಂದೊಡನೆ ಅವರ ಮನಸ್ಸು ಚಾವಡಿ, ಜಗಲಿ, ಅಂಗಳದ ತುಳಸಿಕಟ್ಟೆಗಳ ಕಡೆಗೆ ಹರಿಯುವುದು ಸಹಜವೇ ಸರಿ. ಆದರೆ ಆ ಮನೆ ಈಗ ಯಾವ ಸ್ಥಿತಿಯಲ್ಲಿದೆಯೆಂದು ಕೇಳಿದರೆ ಅನೇಕರ ದನಿ ಕುಗ್ಗುತ್ತದೆ. ಬಾರ್ಕೂರು, ಬಸರೂರು, ಕುಂದಾಪುರ, ಮುಲ್ಕಿಗಳಂತಹ ಹಳೆಯ ಊರುಗಳಲ್ಲಿ ಬೀಗ ಜಡಿದ, ಮಾಡು ಕುಸಿದ, ಅಂಗಳದಲ್ಲಿ ಆಳೆತ್ತರ ಪೊದೆ ಬೆಳೆದ ದೊಡ್ಡ ಮನೆಗಳನ್ನು ಕಾಣುವುದು ಇಂದು ಕಷ್ಟವಲ್ಲ.

ಇಂತಹ ಮನೆಗಳ ವಿಷಯವಾಗಿ ನಮ್ಮಲ್ಲಿಗೆ ಎರಡು ಬಗೆಯ ಜನ ವಿಚಾರಿಸಲು ಬರುತ್ತಾರೆ. ಮನೆಯಲ್ಲಿ ಪಾಲುಳ್ಳವರು, “ಕೆಡಹಿ ಮರಮಟ್ಟನ್ನು ಮಾರಿಬಿಡುವುದೇ ಲೇಸಲ್ಲವೇ?” ಎನ್ನುತ್ತಾರೆ. ಮುಂಬಯಿಯಲ್ಲಿ ಬೆವರು ಸುರಿಸಿ ನಾಲ್ಕು ಕಾಸು ಕೂಡಿಸಿದವರು, “ಅಂತಹದೊಂದು ಮನೆಯನ್ನು ಕೊಂಡು ದುರಸ್ತಿ ಮಾಡಬಹುದೇ?” ಎಂದು ಕೇಳುತ್ತಾರೆ. ಇಬ್ಬರಿಗೂ ಉಪಯೋಗವಾದೀತೆಂದು ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮನೆಗಳು ಹಾಳಾದ ಬಗೆ

ಗುತ್ತು, ಬೀಡು, ಬರ್ಕೆ ಎಂದು ಕರೆಯಿಸಿಕೊಂಡ ಮನೆಗಳು ಒಬ್ಬನ ಸಂಪಾದನೆಯಿಂದ ನಿಂತವಲ್ಲ. ನೂರಾರು ಮುಡಿ ಗೇಣಿ ಅಕ್ಕಿ ಆ ಅಂಗಳಕ್ಕೆ ಬಂದು ಬೀಳುತ್ತಿತ್ತು. ವರ್ಷ ವರ್ಷವೂ ಹಂಚು ಕೈಯಾಡಿಸಲು, ಗೋಡೆಗೆ ಸುಣ್ಣ ಬಳಿಯಲು ಆಳುಗಳಿದ್ದರು. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ಎಲ್ಲರಿಗೂ ಸೇರಿದ್ದು. ತನ್ನ ಪಾಲನ್ನು ಒಡೆದು ಕೊಡೆಂದು ಒಬ್ಬಾತ ಹಟ ಹಿಡಿಯಲು ಕಟ್ಟಳೆ ಅವಕಾಶ ಕೊಡುತ್ತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾನೂನು ಪಾಲಿಗೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಬಳಿಕ ಒಂದೊಂದು ಪಾಲೂ ಮತ್ತೆ ಕವಲೊಡೆಯಿತು. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಸರಕಾರದ ವಶವಾಗಿ ಒಕ್ಕಲುಗಳ ಕೈಗೆ ಬರತೊಡಗಿತು.

ಈ ಕೊನೆಯ ಬದಲಾವಣೆಯನ್ನು ನಾವು ಅನ್ಯಾಯವೆಂದು ಕರೆಯಲಾರೆವು. ನಮ್ಮ ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆದು ಮೇಲೆ ಬಂದ ಎಷ್ಟೋ ಹುಡುಗರ ಮನೆಯವರು ಸ್ವಂತದ್ದೆಂಬ ಗದ್ದೆಯನ್ನು ಮೊದಲು ಕಂಡದ್ದು ಆಗಲೇ. ಆದರೆ ದೊಡ್ಡ ಮನೆಯ ಅಕ್ಕಿಯ ಕೋಣೆ ಬರಿದಾಯಿತು. ಅದರ ದೊಡ್ಡ ಮಾಡು ಮಾತ್ರ ಹಾಗೆಯೇ ಉಳಿಯಿತು. ಮಕ್ಕಳು ಮುಂಬಯಿಗೆ, ಪುಣೆಗೆ, ಕೊಲ್ಲಿ ದೇಶಗಳಿಗೆ ಹೊರಟುಹೋದರು. ಪಾಲುದಾರರು ಇಪ್ಪತ್ತು ಮಂದಿಯಾದರೂ ಒಡೆದ ಹಂಚನ್ನು ಬದಲಿಸುವ ಹೊಣೆ ಒಬ್ಬರದೂ ಅಲ್ಲವೆಂಬಂತಾಯಿತು.

ಬ್ಯಾಂಕಿನ ನೌಕರರೊಬ್ಬರ ಸಾಹಸ

ಹೀಗೆ ಮುರಿದು ಬೀಳುತ್ತಿದ್ದ ಮನೆಗಳ ಕಂಬ, ಬಾಗಿಲು, ತೊಲೆಗಳು ಗುಜರಿಯ ಪಾಲಾಗುವುದನ್ನೂ ಸೌದೆಯಾಗುವುದನ್ನೂ ಕಂಡು ಸುಮ್ಮನಿರಲಾರದ ಒಬ್ಬ ಮಹನೀಯರು ನಮ್ಮ ಕರಾವಳಿಯಲ್ಲೇ ಇದ್ದರು. ಅವರು ಮಣಿಪಾಲದ ವಿಜಯನಾಥ ಶೆಣೈಯವರು. ಶ್ರೀಮಂತ ಜಮೀನ್ದಾರರಲ್ಲ, ಸಿಂಡಿಕೇಟ್ ಬ್ಯಾಂಕಿನ ನೌಕರರು. ಕೆಡಹಿದ ಮನೆಗಳ ಭಾಗಗಳನ್ನು ಸಂಗ್ರಹಿಸಿ ಮಣಿಪಾಲದಲ್ಲಿ ತಮ್ಮ ವಾಸದ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿಸಿದರು. ಅದನ್ನು ನೋಡಲು ಜನ ಮುಗಿಬಿದ್ದಾಗ ಅವರ ಯೋಚನೆ ಇನ್ನೂ ಹಿರಿದಾಯಿತು. ಇಡೀ ಮನೆಗಳನ್ನೇ ಬಿಚ್ಚಿ, ತಂದು, ಮತ್ತೆ ಮೊದಲಿದ್ದಂತೆ ಜೋಡಿಸುವ ಕಾರ್ಯಕ್ಕೆ ಅವರು ಕೈಹಾಕಿದರು. ಕುಂಜೂರಿನಲ್ಲಿ 1816ರಲ್ಲಿ ಕಟ್ಟಿದ ಚೌಕಿಮನೆ, ಮಿಯಾರಿನ ಮನೆ, ಕುಂದಾಪುರದ ವಡೇರಹೋಬಳಿಯ ಮನೆ ಮೊದಲಾದವು ಇಂದು ಮಣಿಪಾಲದ ಹಸ್ತಶಿಲ್ಪ ಪರಂಪರೆಯ ಗ್ರಾಮದಲ್ಲಿ ನಿಂತಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಊರಿಗೆ ಹೋದವರು ಮಕ್ಕಳನ್ನು ಕರೆದುಕೊಂಡು ಒಂದು ದಿನ ಅದನ್ನು ನೋಡಿ ಬರತಕ್ಕದ್ದು.

ಆದರೆ ಎಲ್ಲ ಮನೆಗಳೂ ಮಣಿಪಾಲಕ್ಕೆ ಹೋಗಲಾರವು; ಹೋಗಬೇಕಾಗಿಯೂ ಇಲ್ಲ. ಇದ್ದ ಸ್ಥಳದಲ್ಲೇ ಉಳಿದ ಮನೆಗೆ ತನ್ನ ಬಾವಿ, ತನ್ನ ತೋಟ, ತನ್ನ ನೆರೆಕರೆ ಇರುತ್ತದೆ. ಮಂಗಳೂರಿನ ಕೊಡಿಯಾಲಗುತ್ತಿನ ಮನೆಯಲ್ಲಿ ಇಂಟ್ಯಾಕ್ ಸಂಸ್ಥೆಯ ಮಂಗಳೂರು ಶಾಖೆಯವರು ಕಲೆ ಮತ್ತು ಸಂಸ್ಕೃತಿಯ ಕೇಂದ್ರವನ್ನು ನಡೆಸುತ್ತಿರುವುದು ಇದಕ್ಕೊಂದು ಒಳ್ಳೆಯ ನಿದರ್ಶನ. ಮನೆಗೊಂದು ಕೆಲಸ ದೊರೆತರೆ ಅದು ಉಳಿಯುತ್ತದೆ.

ಕಾಗದಪತ್ರಗಳ ವಿಚಾರ

ಹಳೆಯ ಮನೆಯನ್ನು ಕೊಳ್ಳಬಯಸುವವರು ಕೆತ್ತನೆಯ ಬಾಗಿಲನ್ನು ನೋಡಿ ಮರುಳಾಗುವ ಮೊದಲು ದಸ್ತಾವೇಜುಗಳನ್ನು ನೋಡಬೇಕು. ಪಹಣಿಯಲ್ಲಿ ಯಾರ ಹೆಸರಿದೆ? ಪಾಲುಪತ್ರ ನೋಂದಣಿಯಾಗಿದೆಯೇ? ಋಣಭಾರದ ಪ್ರಮಾಣಪತ್ರ ಏನು ಹೇಳುತ್ತದೆ? ಪೇಟೆಯ ಮನೆಯಾದರೆ ನೆಲ ಸ್ವಂತದ್ದೋ, ಮೂಲಗೇಣಿಯದೋ? ನದಿಯ ಅಳಿವೆಯ ಬಳಿಯದೋ ಕಡಲ ತಡಿಯದೋ ಆದರೆ 1991ರಲ್ಲಿ ಮೊದಲು ಜಾರಿಗೆ ಬಂದು ಅನಂತರ ತಿದ್ದುಪಡಿಯಾದ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆಯೇ? ಕೃಷಿಕರಲ್ಲದವರು ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳಬಾರದೆಂಬ ನಿರ್ಬಂಧ 2020ರ ತಿದ್ದುಪಡಿಯಿಂದ ತೊಲಗಿದೆ ನಿಜ. ಆದರೂ ಮನೆಯ ಅಡಿಯ ನೆಲ ಪರಿವರ್ತನೆಯಾಗಿದೆಯೇ ಎಂಬುದನ್ನು ವಕೀಲರ ಮುಖಾಂತರ ಖಚಿತಪಡಿಸಿಕೊಳ್ಳತಕ್ಕದ್ದು.

ಪಾಲುದಾರರೆಲ್ಲರ ಸಹಿ ಅತ್ಯಗತ್ಯ. ಹತ್ತೊಂಬತ್ತು ಮಂದಿ ಒಪ್ಪಿ, ದುಬೈಯಲ್ಲಿರುವ ಇಪ್ಪತ್ತನೆಯವರು ಒಪ್ಪದಿದ್ದರೆ ಮುಂಗಡ ಕೊಟ್ಟವರ ಹಣ ಸಿಕ್ಕಿಬಿದ್ದಂತೆಯೇ. ದೂರದಲ್ಲಿರುವವರು ಅಧಿಕಾರಪತ್ರ ಕೊಡಬಹುದು. ಅದರ ಸಾಚಾತನವನ್ನು ಪರೀಕ್ಷಿಸಿಯೇ ಮುಂದುವರಿಯಬೇಕು.

ನಮ್ಮ ಸೀಮೆಯ ಮನೆಗಳಲ್ಲಿ ಇನ್ನೊಂದು ಹೊಣೆಯೂ ಇರುತ್ತದೆ. ಅಂಗಳದಾಚೆ ನಾಗಬನ, ಒಳಗೆ ದೈವದ ಕೋಣೆ. ಮನೆ ಕೈಬದಲಾದ ಮೇಲೆ ಕೋಲ, ತಂಬಿಲಗಳನ್ನು ನಡೆಸುವವರು ಯಾರು, ಆ ದಿನ ಹಳೆಯ ಕುಟುಂಬದವರು ಬರಲು ದಾರಿ ಯಾವುದು ಎಂಬುದನ್ನು ಕ್ರಯಪತ್ರಕ್ಕೆ ಮೊದಲೇ ಕುಳಿತು ಮಾತಾಡಿ ತೀರ್ಮಾನಿಸಬೇಕು. ನಂಬಿದವರಿಗೂ ನಂಬದವರಿಗೂ ಇದರಿಂದ ಕ್ಷೇಮ.

ಮೊದಲು ಮಾಡು, ಆಮೇಲೆ ಬಣ್ಣ

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸಪ್ಟಂಬರಿನೊಳಗೆ. ಒಡೆದ ಒಂದು ಹಂಚಿನಿಂದ ಇಳಿದ ನೀರು ಮೊದಲು ರೀಪನ್ನು, ಆಮೇಲೆ ಪಕ್ಕಾಸನ್ನು, ಕಡೆಗೆ ತೊಲೆಯ ತಲೆಯನ್ನು ಕೊಳೆಯಿಸುತ್ತದೆ. ಒದ್ದೆಯಾದ ಮರಕ್ಕೆ ಒರಲೆ ಹತ್ತುತ್ತದೆ. ಹಲಸಿನ ಕಂಬ ನೂರು ವರ್ಷ ಬಾಳಬಲ್ಲುದು. ಸೋರುವ ಮಾಡಿನ ಕೆಳಗೆ ಅದಕ್ಕೆ ಅಷ್ಟು ಆಯುಷ್ಯವಿಲ್ಲ. ಆದುದರಿಂದ ಕೈಯಲ್ಲಿದ್ದ ಹಣದಲ್ಲಿ ಮೊದಲ ರೂಪಾಯಿ ಮಾಡಿಗೆ ಹೋಗಬೇಕು. ಮಳೆಗಾಲಕ್ಕೆ ಮುಂಚೆ ಅದು ಮುಗಿಯದಿದ್ದರೆ ಮಡಲಿನ ತಟ್ಟಿಯನ್ನೋ ಟಾರ್ಪಾಲನ್ನೋ ಹೊದಿಸಿಯಾದರೂ ಆ ಒಂದು ಮಳೆಗಾಲವನ್ನು ದಾಟಿಸಬೇಕು.

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಆರಂಭಿಸಿದ ಹಂಚಿನ ಉದ್ಯಮದಿಂದ ನಮ್ಮ ಮನೆಗಳಿಗೆ ಈ ಕೆಂಪು ಮಾಡು ಬಂತು. ಆ ಕಾರಖಾನೆಗಳಲ್ಲಿ ಹೆಚ್ಚಿನವು ಈಗ ಮುಚ್ಚಿಹೋಗಿವೆ. ಹಳೆಯ ಹಂಚನ್ನು ಎಸೆಯದೆ, ತೊಳೆದು, ತಟ್ಟಿ ನೋಡಿ, ಒಳ್ಳೆಯ ನಾದ ಕೊಡುವುದನ್ನು ಮತ್ತೆ ಹಾಕಿಸಬೇಕು. ಕಡಿಮೆ ಬಿದ್ದುದನ್ನು ಕೆಡಹಿದ ಮನೆಗಳಿಂದ ಅದೇ ಅಳತೆಯದು ನೋಡಿ ತರಿಸಬಹುದು.

ಗೋಡೆಯ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಮುರಕಲ್ಲು ನೀರನ್ನು ಹೀರಿ ಬಿಡುವ ಕಲ್ಲು. ಹಿರಿಯರು ಅದಕ್ಕೆ ಚಿಪ್ಪಿನ ಸುಣ್ಣದ ಗಾರೆ ಮಾಡಿದ್ದರು. ಹೀರಿದ ತೇವ ಬೇಸಗೆಯಲ್ಲಿ ಆ ಗಾರೆಯ ಮೂಲಕ ಆರಿಹೋಗುತ್ತಿತ್ತು. ಈಗಿನ ಮೇಸ್ತ್ರಿಗಳು ಅದನ್ನು ಕೆತ್ತಿ ತೆಗೆದು ಸಿಮೆಂಟು ಬಳಿದು, ಮೇಲೆ ಹೊಳೆಯುವ ಬಣ್ಣ ಹಚ್ಚಿಬಿಡುತ್ತಾರೆ. ತೇವ ಒಳಗೇ ನಿಲ್ಲುತ್ತದೆ. ಕೆಲವೇ ವರ್ಷಗಳಲ್ಲಿ ಸಿಮೆಂಟು ಹೊಪ್ಪಳಿಸಿ ಕಲ್ಲಿನ ಸಮೇತ ಉದುರುತ್ತದೆ. ಸುಣ್ಣದ ಕೆಲಸ ಬಲ್ಲ ಮುದುಕ ಮೇಸ್ತ್ರಿಯೊಬ್ಬ ಊರಿನಲ್ಲಿದ್ದರೆ ಅವನನ್ನು ಹುಡುಕಿ, ಕೇಳಿದ ಕೂಲಿ ಕೊಟ್ಟು, ಜೊತೆಗೆ ಇಬ್ಬರು ಹುಡುಗರನ್ನು ಕಲಿಯಲು ನಿಲ್ಲಿಸುವುದು ಬುದ್ಧಿವಂತಿಕೆ.

ವಿದ್ಯುತ್ತಿನ ಹಳೆಯ ತಂತಿಗಳನ್ನು ಪೂರ್ತಿ ಬದಲಿಸಬೇಕು; ಒಣಗಿದ ಮರದ ಮುಚ್ಚಿಗೆಗೆ ಒಂದು ಕಿಡಿ ಸಾಕು. ಸ್ನಾನದ ಕೋಣೆ, ಪಾಯಿಖಾನೆಗಳನ್ನು ಮರದ ಉಪ್ಪರಿಗೆಯ ಮೇಲೆ ಮಾಡಿಸದೆ ಹಿತ್ತಲ ಕಡೆಗೆ ಪ್ರತ್ಯೇಕವಾಗಿ ಕಟ್ಟಿಸಿಕೊಳ್ಳುವುದು ಉತ್ತಮ.

ಒಕ್ಕಲಿನ ಮೊಮ್ಮಗ ಕೊಂಡ ಮನೆ

ನಮಗೆ ಪರಿಚಿತರಾದ ಒಬ್ಬರು ಉಪನಗರದಲ್ಲಿ ಸಣ್ಣ ಹೋಟೆಲು ನಡೆಸುತ್ತಾರೆ. ಕುಂದಾಪುರದ ಕಡೆಯವರು. ಅವರ ಅಜ್ಜ ದೊಡ್ಡ ಮನೆಯೊಂದರ ಒಕ್ಕಲು; ಗೇಣಿಯ ಅಕ್ಕಿ ಹೊತ್ತು ತಂದು ಅಂಗಳದಲ್ಲಿಳಿಸಿ ಅಲ್ಲಿಂದಲೇ ಹಿಂದಿರುಗುತ್ತಿದ್ದವರು. ಜಗಲಿಯ ಮೆಟ್ಟಿಲನ್ನು ಅವರು ಹತ್ತಿದ್ದಿಲ್ಲ. ಆ ಮನೆ ಮಾರಾಟಕ್ಕೆ ಬಂದಾಗ ಮೊಮ್ಮಗ ಅದನ್ನು ಕೊಂಡರು. ಊರಿನಲ್ಲಿ ಕೆಲವರು ನಕ್ಕರು. ಮನೆಯವರೇ, “ಆ ಹಣಕ್ಕೆ ಹೊಸ ಟೆರೇಸು ಮನೆ ಕಟ್ಟಬಹುದಿತ್ತಲ್ಲ” ಎಂದರು. ಮರದ ವ್ಯಾಪಾರಿಯೊಬ್ಬ ಬಂದು ಚಾವಡಿಯ ಕಂಬಗಳಿಗೆ ಮಾತ್ರ ಒಳ್ಳೆಯ ಬೆಲೆ ಹೇಳಿದ. ಇವರು ಒಪ್ಪಲಿಲ್ಲ.

ಮನೆಯಲ್ಲಿ ಹಳೆಯ ಕುಟುಂಬದ ವೃದ್ಧೆಯೊಬ್ಬರು ಒಂಟಿಯಾಗಿದ್ದರು. ಪಾಲುದಾರರೆಲ್ಲ ಸಹಿ ಹಾಕಿ ಹಣ ಎಣಿಸಿಕೊಂಡು ಹೋದ ಮೇಲೆ ಆಕೆ ಎಲ್ಲಿಗೆ ಹೋಗಬೇಕೆಂಬುದನ್ನು ಕೇಳಿದವರಿಲ್ಲ. ಅಡುಗೆಮನೆಯ ಪಾರ್ಶ್ವದಲ್ಲಿ ಬದುಕಿರುವವರೆಗೆ ವಾಸಿಸುವ ಹಕ್ಕು ಆಕೆಗುಂಟೆಂದು ನಮ್ಮ ಮಿತ್ರರು ಪತ್ರದಲ್ಲೇ ಬರೆಯಿಸಿಕೊಟ್ಟರು. ಮೊದಲ ಸಲ ಕೆಲಸದವರನ್ನು ಕರೆತಂದು, ಗೋಡೆಗೆ ಯಾವ ಬಣ್ಣವಾದೀತು ಅಮ್ಮಾ ಎಂದು ಕೇಳಿದಾಗ ಆಕೆ ಹೇಳಿದ್ದಿಷ್ಟು: “ಬಣ್ಣ ಆಮೇಲಾಯಿತು ಮಗಾ, ಮೊದಲು ನೀರು ನಿಲ್ಲಿಸು.” ಯಾವ ಪಕ್ಕಾಸು ಯಾವ ವರ್ಷ ಕೊಳೆಯಿತು, ಯಾವ ಮೂಲೆಯಲ್ಲಿ ಪಾತ್ರೆ ಇಟ್ಟು ಎಷ್ಟು ಮಳೆಗಾಲ ಕಳೆದದ್ದಾಯಿತು ಎಂಬುದೆಲ್ಲ ಆಕೆಗೆ ಬಾಯಿಪಾಠವಾಗಿತ್ತು. ಯಾವ ಇಂಜಿನಿಯರರಿಗೂ ಅಷ್ಟು ವಿವರ ಸಿಗುತ್ತಿರಲಿಲ್ಲ. ಪಶ್ಚಿಮದ ಪಾರ್ಶ್ವ ಉಳಿಯುವಂತಿರಲಿಲ್ಲ. ಅದನ್ನು ಬಿಚ್ಚಿ, ಅದರ ಗಟ್ಟಿ ಮರದಿಂದ ಉಳಿದ ಮೂರು ಪಾರ್ಶ್ವಗಳನ್ನು ನಿಲ್ಲಿಸಿದರು. ಕೆಲಸ ಇನ್ನೂ ಮುಗಿದಿಲ್ಲ. ಹೋಟೆಲಿನ ಲಾಭದಲ್ಲಿ ಉಳಿದಷ್ಟು ಪ್ರತಿ ವರ್ಷ ಅಲ್ಲಿಗೆ ಹೋಗುತ್ತಿದೆ. ಆದರೆ ಮನೆ ಈಗ ಸೋರುವುದಿಲ್ಲ, ಒಲೆ ಹೊತ್ತುತ್ತದೆ.

ನಮ್ಮ ಉದ್ಯಮದವರಿಗೆ ಎರಡು ಮಾತು

ಹೋಟೆಲು ನಡೆಸುವ ಬಾಂಧವರು ಈ ವಿಷಯದಲ್ಲಿ ಕೊಂಚ ಯೋಚಿಸಬೇಕು. ಹಳೆಯ ಕಂಬ, ಬಾಗಿಲು, ತೂಗುಮಂಚಗಳನ್ನು ತಂದು ಊಟದ ಹಜಾರವನ್ನು ಸಿಂಗರಿಸುವುದು ಈಗ ಎಲ್ಲೆಡೆ ನಡೆದಿದೆ. ಗಿರಾಕಿಗಳಿಗೆ ಅದು ಇಷ್ಟವೂ ಹೌದು. ಆದರೆ ಆ ಕಂಬಕ್ಕೆ ಕೊಟ್ಟ ಬೆಲೆಯೇ ಮತ್ತೊಂದು ಮನೆ ಬೀಳಲು ಕಾರಣವಾಗಬಹುದು. ತಾನಾಗಿ ಬಿದ್ದ ಮನೆಯದೋ, ಮಾರಾಟಕ್ಕಾಗಿಯೇ ಕೆಡಹಿದ್ದೋ ಎಂದು ವ್ಯಾಪಾರಿಯನ್ನು ಕೇಳಿ ತಿಳಿದುಕೊಳ್ಳುವುದು ನಮ್ಮ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ದೂರ ಹೋಗಬೇಕಾಗಿಲ್ಲ, ನಮ್ಮ ಕಣ್ಣೆದುರಿನ ಗಿರಗಾಂವದ ಖೋಟಾಚಿವಾಡಿಯನ್ನೇ ನೋಡಬಹುದು. ಮರದ ಜಗಲಿ, ಹೊರಗಿನ ಮೆಟ್ಟಿಲುಗಳುಳ್ಳ ಅಲ್ಲಿನ ಚೆಲುವಾದ ಮನೆಗಳಲ್ಲಿ ಎಷ್ಟೋ ಇಂದು ಇಲ್ಲ. ಬೃಹನ್ಮುಂಬಯಿಗೆ ಪರಂಪರೆಯ ಕಟ್ಟಡಗಳ ರಕ್ಷಣೆಯ ನಿಯಮಗಳು 1995ರಲ್ಲೇ ಬಂದಿದ್ದರೂ ಇದು ನಡೆಯಿತು. ನಮ್ಮ ಊರಿನ ಮನೆಗಳಲ್ಲಿ ಬಹುಪಾಲಿಗೆ ಅಷ್ಟು ಕಾಗದದ ರಕ್ಷಣೆಯೂ ಇಲ್ಲ. ಅವುಗಳ ಅಳಿವು ಉಳಿವು ಪಾಲುದಾರರ ಕೈಯಲ್ಲಿದೆ. ಆ ಪಾಲುದಾರರಲ್ಲಿ ಹಲವರು ಈ ನಗರದಲ್ಲೇ ಇದ್ದಾರೆ.

ಎಲ್ಲರೂ ಹಳೆಯ ಮನೆ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಬಾಡಿಗೆಯ ಕೋಣೆಯಲ್ಲಿ ಸಂಸಾರ ಸಾಗಿಸುವ ಗುಮಾಸ್ತರು ಸಾಲ ಮಾಡಿ ಇದಕ್ಕೆ ಕೈಹಾಕುವುದು ಸಲ್ಲದು. ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವ ಖರ್ಚು, ಅಲ್ಲಿ ವಾಸವಿದ್ದು ದೀಪ ಹಚ್ಚುವ ಒಬ್ಬ ಮನುಷ್ಯ—ಇವೆರಡಕ್ಕೂ ದಾರಿಯಿಲ್ಲದವರು ಕೊಂಡರೆ ಮನೆಯೂ ಉಳಿಯದು, ಹಣವೂ ಉಳಿಯದು. ಆದರೆ ಪಾಲುಳ್ಳವರಿಗೆ ಇದು ಸಾಧ್ಯ: ಈ ಸಲ ಊರಿಗೆ ಹೋದಾಗ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಟ್ಟಿಗೆ ಕುಳಿತು, ಪಾಲಿನ ವ್ಯಾಜ್ಯವನ್ನು ಬದಿಗಿಟ್ಟು, ತಲೆಗಿಷ್ಟೆಂದು ಹಾಕಿ ಮಾಡನ್ನು ಮಾತ್ರ ಸರಿಪಡಿಸಿರಿ. ಮನೆಯೊಳಗೆ ವೃದ್ಧರಿದ್ದರೆ ಎಲ್ಲಿ ಸೋರುತ್ತದೆಂದು ಅವರನ್ನೇ ಕೇಳಿರಿ. ಮಾರುವುದೋ ಇಟ್ಟುಕೊಳ್ಳುವುದೋ ಎಂಬ ಚರ್ಚೆಯನ್ನು ಅನಂತರ ನಿಧಾನವಾಗಿ ಮಾಡಬಹುದು. ಜೂನ್ ತಿಂಗಳ ಮಳೆ ಮಾತ್ರ ಯಾರ ಒಪ್ಪಿಗೆಗೂ ಕಾಯುವುದಿಲ್ಲ.