ವೃದ್ಧಾಪ್ಯದಲ್ಲಿ ಕಾಲಿನ ರಕ್ತಪರಿಚಲನೆ ಮತ್ತು ನಡಿಗೆಯ ವ್ಯಾಯಾಮ

ವಯಸ್ಸಾದವರಲ್ಲಿ ಕೆಲವರಿಗೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಕಾಲಿನ ಮೀನಖಂಡವು ಹಿಡಿದುಕೊಳ್ಳುತ್ತದೆ. ಕೆಲವು ನಿಮಿಷ ನಿಂತರೆ ನೋವು ಇಳಿಯುತ್ತದೆ; ಮತ್ತೆ ಸುಮಾರು ಅಷ್ಟೇ ದೂರ ನಡೆದಾಗ ಮರಳುತ್ತದೆ. ಇದನ್ನು ಮುಪ್ಪಿನ ಸಹಜ ಲಕ್ಷಣವೆಂದು ಬಗೆದು ನಡೆಯುವುದನ್ನೇ ಬಿಟ್ಟು ಕುಳಿತುಬಿಡುವವರು ಅನೇಕರು. ಈ ವಿಶ್ರಾಂತಿಯಿಂದ ಕಾಲಿಗೆ ಒದಗುವುದು ಹಿತವೋ ಅಹಿತವೋ ಎಂಬುದನ್ನು ವಿಚಾರಿಸುವುದು ಇಲ್ಲಿ ನಮ್ಮ ಉದ್ದೇಶ.

ಕಾಲಿನ ರಕ್ತಪರಿಚಲನೆಯಲ್ಲಿ ಎರಡು ಕಾರ್ಯಗಳಿವೆ. ಹೃದಯದಿಂದ ಹೊರಟ ರಕ್ತವನ್ನು ಅಪಧಮನಿಗಳು ಪಾದದವರೆಗೆ ಒಯ್ಯುವುದು ಒಂದು; ಅದನ್ನು ಅಭಿಧಮನಿಗಳು ಹೃದಯಕ್ಕೆ ಹಿಂದಿರುಗಿಸುವುದು ಇನ್ನೊಂದು. ಅಭಿಧಮನಿಗಳ ಕವಾಟಗಳು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆಂಬುದನ್ನು ವಿಲಿಯಂ ಹಾರ್ವೆಯು 1628ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು. ಮೇಲ್ಮುಖವಾದ ಈ ಪ್ರವಾಹಕ್ಕೆ ಮೀನಖಂಡದ ಸ್ನಾಯುಗಳೇ ಪಂಪಿನಂತೆ ನೆರವಾಗುತ್ತವೆ. ಅಲುಗಾಡದೆ ನಿಂತಿರುವಾಗ ಪಾದದ ಅಭಿಧಮನಿಗಳಲ್ಲಿ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡವು, ಆರೋಗ್ಯವಂತರಲ್ಲಿ ನಡೆಯತೊಡಗಿದೊಡನೆ ಅದರ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬಹಳ ಹೊತ್ತು ಕುಳಿತಿರುವ ವೃದ್ಧರು ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಆಸರೆ ಹಿಡಿದು ಹಿಮ್ಮಡಿಯೆತ್ತಿ ಇಳಿಸುವುದು ಈ ಪಂಪನ್ನು ನಡೆಯಿಸುವ ಸುಲಭ ಸಾಧನಗಳು.

ಆದರೆ ಆರಂಭದಲ್ಲಿ ಹೇಳಿದ ನೋವು ಹಿಂದಿರುಗುವ ರಕ್ತಕ್ಕೆ ಸಂಬಂಧಿಸಿದುದಲ್ಲ. ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು ಮೊದಲಾದ ವಸ್ತುಗಳು ಸೇರಿ ನಾಳವು ಕಿರಿದಾದಾಗ, ದುಡಿಯುವ ಸ್ನಾಯುವಿಗೆ ಬೇಕಾದಷ್ಟು ಆಮ್ಲಜನಕ ದೊರೆಯುವುದಿಲ್ಲ. ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಇದಕ್ಕೆ ಮುಖ್ಯ ಕಾರಣಗಳು. ಪತ್ತೆಹಚ್ಚುವ ಕ್ರಮವೂ ಸರಳವಾಗಿದೆ. ಕಣಕಾಲಿನ ಸಂಕೋಚನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ ಬರುವ ಸಂಖ್ಯೆಯು 0.90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನಾಳವು ಕಿರಿದಾಗಿದೆಯೆಂದು ವೈದ್ಯರು ತಿಳಿಯುತ್ತಾರೆ.

ಇಂತಹ ಕಾಲಿಗೆ ನಡಿಗೆಯೇ ಔಷಧವೆಂಬುದು ಮೇಲುನೋಟಕ್ಕೆ ವಿಪರೀತವಾಗಿ ತೋರಬಹುದು. 1966ರಲ್ಲಿ ಲಾರ್ಸನ್ ಮತ್ತು ಲಾಸೆನ್ ಎಂಬ ಡೆನ್ಮಾರ್ಕಿನ ಸಂಶೋಧಕರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವು ಸಣ್ಣದಾದರೂ, ನಿತ್ಯವ್ಯಾಯಾಮದಿಂದ ರೋಗಿಗಳ ನಡೆಯುವ ಶಕ್ತಿ ವೃದ್ಧಿಯಾಗುವುದನ್ನು ತೋರಿಸಿತು. 1995ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಪೋಲ್ಮನ್ 21 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ನೋವಿಲ್ಲದೆ ನಡೆಯಬಲ್ಲ ದೂರವು ಸರಾಸರಿ ಸುಮಾರು 126 ಮೀಟರಿನಿಂದ 351 ಮೀಟರಿಗೆ ಏರಿದುದು ಕಂಡುಬಂದಿತು. ಒಮ್ಮೆಗೆ 30 ನಿಮಿಷಕ್ಕೆ ಮೇಲ್ಪಟ್ಟು, ವಾರಕ್ಕೆ ಕಡೆಯಪಕ್ಷ 3 ಬಾರಿ, 6 ತಿಂಗಳಾದರೂ ನಡೆದವರಲ್ಲಿ ಫಲವು ಹೆಚ್ಚಾಗಿದ್ದಿತು.

ಕ್ರಮವು ಹೀಗಿದೆ: ನೋವು ಆರಂಭವಾಗಿ ಸಾಕಷ್ಟು ಬಲಗೊಳ್ಳುವವರೆಗೆ ನಡೆಯಬೇಕು, ಆಮೇಲೆ ನಿಂತು ಅಥವಾ ಕುಳಿತು, ನೋವು ಪೂರ್ತಿ ಶಮನವಾದ ಮೇಲೆ ಮತ್ತೆ ನಡೆಯಬೇಕು. ನೋವಿನ ಮೊದಲ ಸುಳಿವಿಗೇ ನಿಂತುಬಿಡುವವರಿಗೆ ದೊರೆಯುವ ಲಾಭ ಸಾಮಾನ್ಯವಾಗಿ ಕಡಿಮೆ.

ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ವ್ಯಾಯಾಮದಿಂದ ಕಿರಿದಾದ ನಾಳವು ತೆರೆದುಕೊಳ್ಳುವುದಿಲ್ಲ. ಕಣಕಾಲು ಮತ್ತು ತೋಳುಗಳ ಒತ್ತಡದ ಪ್ರಮಾಣವೂ ಬಹುಮಟ್ಟಿಗೆ ಮೊದಲಿನಂತೆಯೇ ಉಳಿಯುತ್ತದೆ. ಸುಧಾರಿಸುವುದು ದೊರೆತ ರಕ್ತವನ್ನು ಬಳಸಿಕೊಳ್ಳುವ ಸಾಮರ್ಥ್ಯ. ಸ್ನಾಯುವು ಆಮ್ಲಜನಕವನ್ನು ಚೆನ್ನಾಗಿ ಉಪಯೋಗಿಸಿಕೊಳ್ಳುತ್ತದೆ; ಸಣ್ಣ ರಕ್ತನಾಳಗಳು ಸುಲಭವಾಗಿ ಹಿಗ್ಗುತ್ತವೆ; ನಡಿಗೆಯಲ್ಲಿ ಶ್ರಮ ಕಡಿಮೆಯಾಗುತ್ತದೆ. ಆದಾಯ ಹೆಚ್ಚದಿದ್ದರೂ ಹಿತಮಿತವಾದ ವೆಚ್ಚದಿಂದ ಸಂಸಾರವು ಸುಧಾರಿಸುವಂತೆ ಇದೆಂದು ಹೇಳಬಹುದು.

ಆದಾಗ್ಯೂ ಎಲ್ಲ ಕಾಲುನೋವಿಗೂ ಈ ಉಪಾಯವು ಸಲ್ಲದು. ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಮಾಯದ ಹುಣ್ಣಿದ್ದರೆ, ನಡೆಯುವಾಗ ಎದೆನೋವು ಬಂದರೆ ಮೊದಲು ವೈದ್ಯರ ಪರೀಕ್ಷೆ ಅವಶ್ಯಕ. ಕಾಲು ಹಠಾತ್ತಾಗಿ ತಣ್ಣಗಾಗಿ ಬಿಳಿಚಿಕೊಂಡರೆ, ಅಥವಾ ಒಂದೇ ಕಾಲು ಊದಿ ನೋಯತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗಿರಬಹುದಾದುದರಿಂದ ಅವರು ಬರಿಗಾಲಿನಲ್ಲಿ ನಡೆಯಲಾಗದು. ಪ್ರತಿದಿನವೂ ಪಾದವನ್ನು ಪರೀಕ್ಷಿಸಿಕೊಳ್ಳಬೇಕು. ಧೂಮಪಾನವನ್ನು ಬಿಡದೆ ನಡಿಗೆಯೊಂದನ್ನೇ ನಂಬುವುದೂ ಸರಿಯಲ್ಲ.

ಒಟ್ಟಿನಲ್ಲಿ, ವೈದ್ಯರ ಪರೀಕ್ಷೆಯಾದ ಬಳಿಕ ಈ ಬಗೆಯ ನೋವು ನಡಿಗೆಯನ್ನು ನಿಲ್ಲಿಸುವುದಕ್ಕೆ ಕಾರಣವಾಗಬೇಕಾಗಿಲ್ಲ. ಕುಳಿತ ಕಾಲು ದಿನದಿನಕ್ಕೆ ದುರ್ಬಲವಾಗುತ್ತದೆ. ಮನೆಯ ಹೊಸಿಲು ದಾಟಲಾರದ ಪರಾಧೀನತೆ ಅದರ ಹಿಂದೆಯೇ ಬರುತ್ತದೆ. ನಮ್ಮ ಮನೆಗಳ ಹಿರಿಯರಿಗೆ ಈ ವಿಷಯವನ್ನು ತಿಳಿಯಹೇಳುವುದು ವಿದ್ಯಾವಂತರ ಕರ್ತವ್ಯಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ.